ನಾಲ್ಕು ಗಂಟೆ ಹತ್ತು ನಿಮಿಷದ ಫೋಟೋ

ಕೈಸಾ ಸತ್ತ ದಿನ ಅವಳ ಹೆಸರಿನಲ್ಲಿ ಹದಿನಾಲ್ಕು ಜನಕ್ಕೆ ಫೋಟೋ ಕಳಿಸಿದವಳು ನಾನು. ಅದರಲ್ಲಿ ಮೋಸವೇನೂ ಇರಲಿಲ್ಲ. ನಮ್ಮ ಶಾಲೆಯಲ್ಲಿ ಎಲ್ಲರೂ ಮಾಡುವುದೇ ಅದು.

ನಮ್ಮೆಲ್ಲರ ಫೋನಿನಲ್ಲಿರುವ ಆ ಹಳದಿ ಆ್ಯಪ್‌ನಲ್ಲಿ ಇಬ್ಬರು ದಿನಕ್ಕೊಂದು ಫೋಟೋ ಒಬ್ಬರಿಗೊಬ್ಬರು ಕಳಿಸುತ್ತಿದ್ದರೆ ಹೆಸರಿನ ಪಕ್ಕ ಒಂದು ಪುಟ್ಟ ಬೆಂಕಿ ಉರಿಯುತ್ತದೆ. ಪಕ್ಕದಲ್ಲಿ ಎಷ್ಟು ದಿನವಾಯಿತು ಎಂಬ ಅಂಕಿ. ಒಂದು ದಿನ ತಪ್ಪಿದರೂ ಬೆಂಕಿ ಆರಿ ಎಲ್ಲ ಸೊನ್ನೆ. ಫೋಟೋ ಚೆನ್ನಾಗಿರಬೇಕು ಅಂತೇನಿಲ್ಲ. ನೆಲ, ಕಾಲ್ಬೆರಳು, ಅರ್ಧ ಹಣೆ, ಏನಾದರೂ ನಡೆಯುತ್ತದೆ. ನೋಡಿದ ಮರುಕ್ಷಣ ಅದು ಅಳಿಸಿಯೂ ಹೋಗುತ್ತದೆ. ನನ್ನದೂ ಕೈಸಾಳದೂ ಸಾವಿರದ ಮೂವತ್ತೆಂಟು ದಿನದ ಬೆಂಕಿ. ಎಂಟನೇ ತರಗತಿ ಮುಗಿದ ಬೇಸಿಗೆಯಲ್ಲಿ ಹಚ್ಚಿದ್ದು.

ನಮ್ಮ ಥಂಡರ್ ಬೇ ಊರಿನವರು ರಜೆ ಬಂತೆಂದರೆ ಕ್ಯಾಂಪಿಗೆ ಓಡುತ್ತಾರೆ. ಕ್ಯಾಂಪ್ ಅಂದರೆ ಕಾಡಿನೊಳಗೆ ಕೆರೆ ದಡದಲ್ಲಿರುವ ಮನೆ. ಅಲ್ಲಿ ಸಿಗ್ನಲ್ ಸಿಗುವುದಿಲ್ಲ. ಹಾಗಾಗಿ ಹೋಗುವ ಮುಂಚೆ ನಂಬಿಕಸ್ತರಿಗೆ ಪಾಸ್‌ವರ್ಡ್ ಕೊಟ್ಟು ಹೋಗುವುದು ರೂಢಿ. ಬೆಕ್ಕಿಗೆ ಊಟ ಹಾಕಿ ಎಂದು ಪಕ್ಕದ ಮನೆಯವರಿಗೆ ಬೀಗದಕೈ ಕೊಟ್ಟ ಹಾಗೆ. ದೊಡ್ಡವರಿಗೆ ಇದು ಗೊತ್ತಿಲ್ಲ. ಅವರು ಕೇಳುವುದೂ ಇಲ್ಲ.

ಮೇ ತಿಂಗಳ ಉದ್ದನೆಯ ರಜೆಗೆ ಕೈಸಾ ಅವಳ ಮಾವ ಆರ್ವೋನ ಕ್ಯಾಂಪಿಗೆ ಹೊರಟಳು. ಶುಕ್ರವಾರ ಶಾಲೆಯ ಗೇಟಿನ ಹತ್ತಿರ ನನ್ನ ಕೈ ಮೇಲೆ ಪೆನ್ನಿನಲ್ಲಿ ಪಾಸ್‌ವರ್ಡ್ ಬರೆದಳು.

"ಲೇ ಬ್ರಿನ್, ಹದಿನಾಲ್ಕು ಜನ ಇದಾರೆ. ಒಬ್ಬರನ್ನ ಬಿಟ್ರೂ ಬಂದು ನಿನ್ನ ಗ್ರಹಚಾರ ಬಿಡಿಸ್ತೀನಿ."

"ಹೋಗೇ, ನಾನೇನು ಹೊಸಬಳಾ?"

"ಅಮ್ಮನ್ನಂತೂ ಮರೀಬೇಡ. ನೂರಾ ತೊಂಬತ್ತು ದಿನ ಆಗಿದೆ. ಅವಳಿಗೆ ಇದನ್ನ ಕಲ್ಸೋಕೆ ನಾನು ಪಟ್ಟ ಪಾಡು ನಂಗೊಬ್ಳಿಗೇ ಗೊತ್ತು."

"ನಿಮ್ಮಮ್ಮಂಗೆ ಏನು ಕಳಿಸ್ಲಿ?"

"ಏನಾದ್ರೂ ಕಳ್ಸು. ಅವಳು ನಂಗೆ ದಿನಾ ಕಾಫಿ ಲೋಟ ಕಳಿಸ್ತಾಳೆ. ದೊಡ್ಡ ಕಲಾವಿದೆ!"

ಇದು ಅವಳು ನನ್ನ ಜೊತೆ ಆಡಿದ ಕೊನೆಯ ಮಾತು. ಇದಕ್ಕಿಂತ ದೊಡ್ಡದೇನಾದರೂ ಹೇಳಿದಳಾ ಎಂದು ಆಮೇಲೆ ಶಾಲೆಯ ಸಮಾಲೋಚಕಿ ಕೇಳಿದಳು. ಇಲ್ಲ ಎಂದೆ. ಆಕೆಗೆ ನಿರಾಶೆಯಾಯಿತು.

ಭಾನುವಾರ ಮಧ್ಯಾಹ್ನ ನನಗೆ ತಲೆನೋವು. ಕೋಣೆಯಲ್ಲಿ ಮಲಗಿದ್ದೆ. ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ನೆನಪಾಯಿತು. ಕೈಸಾಳ ಖಾತೆ ತೆರೆದು, ಮಲಗಿದಲ್ಲಿಂದಲೇ ಫೋನ್ ಮೇಲೆತ್ತಿ ಸೂರಿನ ಒಂದು ಫೋಟೋ ತೆಗೆದೆ. ಹದಿನಾಲ್ಕು ಹೆಸರುಗಳನ್ನೂ ಒತ್ತಿ ಕಳಿಸಿ ಮತ್ತೆ ಮಗ್ಗುಲಾದೆ.

ಅವತ್ತು ಎರಡು ಗಂಟೆಗೆ ಕೈಸಾ ಒಬ್ಬಳೇ ದೋಣಿ ತೆಗೆದುಕೊಂಡು ಹೋಗಿದ್ದಳು. ಆರು ಗಂಟೆಯಾದರೂ ಬಾರದಿದ್ದಾಗ ಆರ್ವೋ ಗಾಬರಿಯಾಗಿ, ಸಿಗ್ನಲ್ ಸಿಗುವ ಹೆದ್ದಾರಿಯವರೆಗೆ ಗಾಡಿ ಓಡಿಸಿಕೊಂಡು ಬಂದು ಕೈಸಾಳ ಅಮ್ಮ ಮಾರ್ಲಾಗೆ ಫೋನ್ ಮಾಡಿದ. ಮಾರ್ಲಾ ನಕ್ಕುಬಿಟ್ಟರು. "ಅಯ್ಯೋ, ನಾಲ್ಕು ಗಂಟೆಗೆ ನಂಗೆ ಫೋಟೋ ಕಳ್ಸಿದಾಳೆ ಮಾರಾಯ. ಯಾರದೋ ಕ್ಯಾಂಪಲ್ಲಿ ಹರಟೆ ಹೊಡೀತಾ ಕೂತಿದಾಳೆ. ಬರ್ತಾಳೆ ಬಿಡು, ನೀನು ಹೋಗಿ ಊಟ ಮಾಡು," ಎಂದರು. ಆರ್ವೋ ವಾಪಸು ಹೋಗಿ ಊಟ ಮಾಡಿದ. ಹುಡುಕಾಟ ಶುರುವಾದದ್ದು ಸೋಮವಾರ ಬೆಳಗ್ಗೆ. ಮಧ್ಯಾಹ್ನದ ಹೊತ್ತಿಗೆ ಆಚೆ ದಡದ ಜೊಂಡಿನಲ್ಲಿ ಸಿಕ್ಕಳು. ತೇಲುವ ಜಾಕೆಟ್ ಹಾಕಿಕೊಂಡೇ ಇದ್ದಳು. ಮುಳುಗಿದ್ದಲ್ಲ, ಚಳಿಗೆ ಹೋಗಿದ್ದು. ಆಗಷ್ಟೇ ಹಿಮ ಕರಗಿದ ಮೇ ತಿಂಗಳ ನೀರಿನಲ್ಲಿ ಜೀವ ಹಿಡಿದಿರುವುದು ಹೆಚ್ಚೆಂದರೆ ಎರಡು ಗಂಟೆ ಎಂದು ವೈದ್ಯರು ಹೇಳಿದರಂತೆ. ದೋಣಿ ಮಗುಚಿದ್ದು ಎಷ್ಟು ಗಂಟೆಗೆ ಎಂದು ಯಾರಿಗೂ ಗೊತ್ತಿಲ್ಲ. ಅವಳ ಫೋನ್ ಸಿಗಲಿಲ್ಲ.

ಸುದ್ದಿ ಕೇಳಿದಾಗ ನಾನು ಅಡುಗೆಮನೆಯಲ್ಲಿ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದೆ. ಪೂರ್ತಿ ಸವರಿ, ಮುಚ್ಚಳ ಹಾಕಿ, ಬೆಣ್ಣೆಯನ್ನು ಫ್ರಿಜ್ಜಿನಲ್ಲಿಟ್ಟೆ. ಅಮ್ಮ ಅಳುತ್ತಾ ನನ್ನನ್ನು ತಬ್ಬಿಕೊಂಡಳು. ನನಗೆ ಏನೂ ಅನಿಸಲಿಲ್ಲ. ಇವಳು ನನ್ನ ಕೂದಲಿಗೆ ಮೂಗು ಒರೆಸುತ್ತಿದ್ದಾಳೆ ಎಂದು ಸಿಟ್ಟು ಮಾತ್ರ ಬಂತು.

ಅಂತ್ಯಕ್ರಿಯೆ ಮುಗಿದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ಇತ್ತು. ಮಾರ್ಲಾ ನೇರ ನನ್ನ ಹತ್ತಿರ ಬಂದರು. ಅಂಚೆ ಹಂಚುವ ಕೆಲಸ ಅವರದು. ಎಷ್ಟು ಹಿಮ ಬಿದ್ದರೂ ದಿನಕ್ಕೆ ಹದಿನೈದು ಕಿಲೋಮೀಟರ್ ನಡೆಯುವ ಗಟ್ಟಿ ಹೆಂಗಸು. ಮಗಳನ್ನು ಒಬ್ಬರೇ ಸಾಕಿದವರು.

"ಬ್ರಿನ್, ಆ ಫೋಟೋ ನಿಂಗೂ ಬಂದಿತ್ತಾ? ಹಳೇ ಮರದ ಹಲಗೆಯ ಸೂರು, ಮೂಲೇಲಿ ಕಪ್ಪಗೆ ಸುಟ್ಟ ಗುರುತು?"

"ಬಂದಿತ್ತು."

"ಆರ್ವೋ ಕ್ಯಾಂಪಿನ ಸೂರು ಬರೀ ಬಿಳಿ ಶೀಟು. ಅಂದ್ರೆ ಅವಳು ಬೇರೆ ಯಾರದೋ ಮನೇಲಿದ್ಲು. ಯಾರೋ ಕರೆದು ಕೂರಿಸಿದಾರೆ. ಸಿಗ್ನಲ್ ಬೂಸ್ಟರ್ ಇಟ್ಕೊಂಡಿರೋ ಮನೆ ಇರ್ಬೇಕು. ಬೆಚ್ಚಗಿನ ಮನೆ ಅನ್ನಿಸ್ತು ಕಣೇ ನಂಗೆ."

ಅದು ನನ್ನ ಕೋಣೆ. ಅಜ್ಜ ಹಿತ್ತಲಿನ ಹಳೆಯ ಸೌನಾ ಕೆಡವಿದಾಗ, ಹಬೆ ಸ್ನಾನದ ಆ ಕೋಣೆಯ ಹಲಗೆಗಳನ್ನೇ ನನ್ನ ಅಟ್ಟದ ಕೋಣೆಯ ಸೂರಿಗೆ ಹೊಡೆದಿದ್ದರು. ಹೇಳಬೇಕೆಂದು ಬಾಯಿ ತೆರೆದೆ. "ಬನ್ ತಗೊಳ್ತೀರಾ?" ಎಂಬ ಮಾತು ಬಂತು. ಅವರು ಒಂದು ಬನ್ ತೆಗೆದುಕೊಂಡರು.

ಆಮೇಲೆ ಮಾರ್ಲಾ ಹುಡುಕಲು ಶುರು ಮಾಡಿದರು. ಕೆಲಸ ಮುಗಿಸಿ ದಿನಾ ಒಂದೂಕಾಲು ಗಂಟೆ ಗಾಡಿ ಓಡಿಸಿಕೊಂಡು ಆ ಕೆರೆಗೆ ಹೋಗಿ, ಒಂದೊಂದೇ ಕ್ಯಾಂಪಿನ ಬಾಗಿಲು ತಟ್ಟಿ, ನಿಮ್ಮ ಮನೆಯ ಸೂರು ನೋಡಬಹುದಾ ಎಂದು ಕೇಳುತ್ತಿದ್ದರಂತೆ. ಪೊಲೀಸರಿಗೆ ಅದು ಅಪಘಾತ, ಮುಗಿದ ವಿಷಯ. ಊರಿನವರು ಪಾಪ ಎನ್ನುತ್ತಿದ್ದರು. ನಮ್ಮ ಗುಂಪಿನ ಹುಡುಗಿಯರಿಗೆ ಫೋಟೋ ಕಳಿಸಿದ್ದು ನಾನೇ ಎಂದು ಗೊತ್ತಿತ್ತು. ಒಬ್ಬರೂ ಬಾಯಿ ಬಿಡಲಿಲ್ಲ. ಅದನ್ನು ಹೇಳಬೇಕಾದವಳು ನಾನು ಎಂದು ಅವರು ಅಂದುಕೊಂಡಿರಬೇಕು. ಸರಿಯಾಗಿಯೇ ಅಂದುಕೊಂಡಿದ್ದರು.

ನಾನು ಮಾಡುತ್ತಿದ್ದುದು ಇಷ್ಟೇ. ಬೆಳಗ್ಗೆ ಎದ್ದು ನನ್ನ ಖಾತೆಯಿಂದ ಕೈಸಾಗೆ ಒಂದು ಫೋಟೋ. ಅದರಿಂದ ಹೊರಬಂದು ಕೈಸಾಳ ಖಾತೆಯಿಂದ ನನಗೆ ಒಂದು ಫೋಟೋ. ಆಮೇಲೆ ಹಲ್ಲುಜ್ಜಿ ಪ್ಯಾನ್‌ಕೇಕ್ ಅಂಗಡಿಯ ಕೆಲಸಕ್ಕೆ ಹೋಗುವುದು. ಸಾವಿರದ ಎಪ್ಪತ್ತಾಯಿತು, ಸಾವಿರದ ತೊಂಬತ್ತಾಯಿತು. ಇದರಿಂದ ಸಮಾಧಾನ ಸಿಗುತ್ತಿತ್ತೇ ಎಂದರೆ ಇಲ್ಲ. ನಿಲ್ಲಿಸಲು ಕಾರಣ ಹೊಳೆಯಲಿಲ್ಲ, ಅಷ್ಟೇ. ಉಳಿದವರಿಗೆಲ್ಲ ಕೈಸಾಳ ಕಡೆಯಿಂದ ಕಳಿಸುವುದನ್ನು ಆ ಸೋಮವಾರವೇ ಬಿಟ್ಟಿದ್ದೆ. ಅವಳ ಖಾತೆಯಲ್ಲಿ ಮಾರ್ಲಾ ಹೆಸರಿನ ಮುಂದೆ ಮಾತ್ರ ಒಂದು ಕೆಂಪು ಚೌಕ ದಿನಾ ಹೊಳೆಯುತ್ತಿತ್ತು. ಸತ್ತ ಮಗಳಿಗೆ ಅಮ್ಮ ಏನೋ ಕಳಿಸುತ್ತಿದ್ದಾರೆ, ಯಾರೂ ಅದನ್ನು ತೆರೆದಿಲ್ಲ ಎಂದು ಅದರ ಅರ್ಥ. ಕಾಫಿ ಲೋಟವಿರಬೇಕು ಎಂದುಕೊಂಡು ಮುಟ್ಟದೆ ಬಿಟ್ಟಿದ್ದೆ.

ಜುಲೈ ಹದಿಮೂರರಂದು ಬೆರಳು ಜಾರಿತು. ನನ್ನ ಹೆಸರು ಒತ್ತಲು ಹೋಗಿ ಕೆಳಗಿನ ಹೆಸರು ಒತ್ತಿಬಿಟ್ಟೆ.

ಕಾಫಿ ಲೋಟವಲ್ಲ. ಒಂದು ಸೂರು. ಅದರ ಮೇಲೆ ಬರೆದಿತ್ತು: ಇದಾ? ಮುಟ್ಟಿದೆ, ಇನ್ನೊಂದು ಸೂರು ಬಂತು. ಇದಾ? ಮರದ್ದು, ತಗಡಿನದ್ದು, ಜೇಡರ ಬಲೆ ಕಟ್ಟಿದ್ದು, ಹೊಸದಾಗಿ ಬಣ್ಣ ಬಳಿದದ್ದು. ಇದಾ ಕಂದಾ? ತೆರೆಯದ ಫೋಟೋ ತಿಂಗಳಾದರೆ ತಾನಾಗಿ ಅಳಿಸಿಹೋಗುತ್ತದೆ; ಉಳಿದಿದ್ದ ಇಪ್ಪತ್ತಾರು ಸೂರುಗಳು ಒಂದಾದ ಮೇಲೊಂದು ಬಂದು ಹೋದವು. ಕೊನೆಯದರಲ್ಲಿ ಮೂಲೆಯಲ್ಲಿ ಯಾರೋ ಮುದುಕನ ಬೋಳು ತಲೆ ಕಾಣುತ್ತಿತ್ತು. ನಗು ಬಂದ ಹಾಗಾಯಿತು, ಬರಲಿಲ್ಲ. ಕೆಂಪು ಚೌಕ ಖಾಲಿಯಾಯಿತು. ಆ ಕಡೆ ಮಾರ್ಲಾ ಅವರ ಫೋನಿನಲ್ಲಿ ಈಗ ಏನು ಮೂಡಿರುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ನೋಡಿದ್ದಾರೆ ಎಂದು.

ಅರ್ಧ ಗಂಟೆಯೊಳಗೆ ಅವರ ಗಾಡಿ ನಮ್ಮ ಮನೆ ಮುಂದೆ ನಿಂತಿತು. ಅಂಚೆ ಸಮವಸ್ತ್ರದಲ್ಲೇ ಬಂದಿದ್ದರು. ಕೈಯಲ್ಲಿ ಗುಲಾಬಿ ಬಣ್ಣದ ಸಕ್ಕರೆ ಸವರಿದ ಪರ್ಷಿಯನ್ ಬನ್ನುಗಳ ಡಬ್ಬ, ಆರರದ್ದು. ನಮ್ಮೂರಲ್ಲಿ ಒಳ್ಳೆಯ ಸುದ್ದಿಯಿದ್ದರೆ ತರುವುದು ಅದನ್ನೇ. ಎರಡು ತಿಂಗಳಲ್ಲಿ ಮೊದಲ ಸಲ ಅವರ ಮುಖದಲ್ಲಿ ಬಣ್ಣವಿತ್ತು.

"ಬ್ರಿನ್, ನೋಡಿಲ್ಲಿ, ನೋಡಿಲ್ಲಿ." ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದರು. "ನೋಡಿದಾರೆ ಅಂತ ತೋರಿಸ್ತಿದೆ. ಎಲ್ಲಾನೂ! ಅಂದ್ರೆ ಅವಳ ಫೋನು ಯಾರ ಹತ್ರಾನೋ ಇದೆ ಅಲ್ವಾ? ನಿಂಗೆ ಇದೆಲ್ಲ ಗೊತ್ತಾಗುತ್ತೆ, ಹೇಳು."

ಅಮ್ಮ ಕಾಫಿ ಲೋಟ ಹಿಡಿದು ಹಿಂದಿನಿಂದ ಬಂದಳು. "ಕೂತ್ಕೊಳ್ಳಿ ಮಾರ್ಲಾ, ಮೊದ್ಲು ಉಸಿರು ತಗೊಳ್ಳಿ."

"ಕೂರಲ್ಲ. ಕೂತ್ರೆ ಎದ್ದೇಳೋಕಾಗಲ್ಲ." ಅವರು ನನ್ನ ತೋಳು ಹಿಡಿದುಕೊಂಡರು. "ಯಾರೇ ಆಗ್ಲಿ, ನಾನು ಬೈಯೋಳಲ್ಲ. ಪೊಲೀಸ್ರಿಗೂ ಹೇಳಲ್ಲ. ಫೋನೂ ಅವ್ರೇ ಇಟ್ಕೊಳ್ಳಲಿ. ಯಾರೋ ಒಬ್ರು ಅವಳ ಜೊತೆ ಇದ್ರಲ್ಲ ಬ್ರಿನ್, ಅಷ್ಟು ಸಾಕು ನಂಗೆ. ಏನು ಮಾತಾಡಿದ್ಲು, ಏನಾದ್ರೂ ತಿಂದ್ಲಾ, ನಗ್ತಿದ್ಲಾ, ಇಷ್ಟು ಕೇಳ್ಬೇಕು. ಅಷ್ಟು ಕೇಳಿ ಮನೆಗೆ ಬರ್ತೀನಿ."

ಸುಳ್ಳು ಹೇಳುವುದು ಸುಲಭವಿತ್ತು. ಆ್ಯಪ್ ಕೆಲವೊಮ್ಮೆ ಹಾಗೆ ತಪ್ಪು ತೋರಿಸುತ್ತೆ ಎಂದರೆ ಸಾಕಿತ್ತು. ನಂಬಿ ಹೋಗುತ್ತಿದ್ದರು. ನಾಳೆ ಇನ್ನೊಂದು ಬಾಗಿಲು ತಟ್ಟುತ್ತಿದ್ದರು. ಅವರ ಬೆರಳುಗಳು ನನ್ನ ತೋಳಿನಲ್ಲಿ ಊರಿಕೊಂಡಿದ್ದವು. ನೋವಾಗಬೇಕಿತ್ತು. ಆಗಲಿಲ್ಲ.

"ಮೇಲೆ ಬನ್ನಿ," ಎಂದೆ.

"ಎಲ್ಲಿಗೆ?"

"ನನ್ನ ಕೋಣೆಗೆ."

ಏಣಿಯಂಥ ಕಡಿದಾದ ಮೆಟ್ಟಿಲು. ನಾನು ಮುಂದೆ, ಅವರು ಹಿಂದೆ. ಹಾಸಿಗೆ ಸರಿಮಾಡಿರಲಿಲ್ಲ, ಬಟ್ಟೆಯೆಲ್ಲ ಹರಡಿ ಬಿದ್ದಿತ್ತು. ಮಾರ್ಲಾ ಸುತ್ತ ನೋಡಿದರು, ಆಮೇಲೆ ಮೇಲೆ ನೋಡಿದರು.

ಹಾಸಿಗೆಯ ತುದಿಯಲ್ಲಿ ಕೂತರು. ಮತ್ತೆ ಕತ್ತೆತ್ತಿ ನೋಡಿದರು.

"ಕೈಸಾ ಇಲ್ಲಿ ಬಂದಿದ್ಲಾ?" ಎಂದು ಕೇಳಿದರು. ಅವರ ಮುಖ ಇನ್ನೂ ಪೂರ್ತಿ ಆರಿರಲಿಲ್ಲ.

"ಇಲ್ಲ. ಫೋಟೋ ಕಳ್ಸಿದ್ದು ನಾನು. ಬೆಂಕಿ ಆರಬಾರ್ದು ಅಂತ ಪಾಸ್‌ವರ್ಡ್ ಕೊಟ್ಟು ಹೋಗಿದ್ಲು. ನಾವೆಲ್ಲ ಹಾಗೇ ಮಾಡ್ತೀವಿ. ನಿಮ್ದನ್ನ ಮರೀಬೇಡ ಅಂತ ಹೇಳಿದ್ಲು." ಪಾಠ ಒಪ್ಪಿಸಿದ ಹಾಗೆ ಹೇಳುತ್ತಿದ್ದೆ. "ಇವತ್ತು ನೋಡಿದ್ದೂ ನಾನೇ. ಬೆರಳು ಜಾರ್ತು."

"ನಾಲ್ಕೂ ಹತ್ತಕ್ಕೆ."

"ಹೂಂ. ಮಲಗಿದ್ದೆ. ಕಳ್ಸಿ ಮತ್ತೆ ಮಲಗಿದೆ."

"ಅದನ್ನ ನಂಬ್ಕೊಂಡು ನಾನು ಆರ್ವೋಗೆ ಊಟ ಮಾಡು ಅಂದೆ."

ಕೆಳಗೆ ಅಮ್ಮ ತಟ್ಟೆಗಳನ್ನು ಜೋಡಿಸುವ ಸದ್ದು ಕೇಳುತ್ತಿತ್ತು.

"ಎರಡು ತಿಂಗಳು ಬ್ರಿನ್. ಯಾಕೆ ಹೇಳ್ಲಿಲ್ಲ?"

"ಹೆದರಿಕೆ ಆಯ್ತು. ಆಮೇಲೆ ಹೆದರಿಕೇನೂ ಆಗ್ಲಿಲ್ಲ, ಏನೂ ಆಗ್ಲಿಲ್ಲ. ದಿನ ಹೋಗ್ತಾ ಇತ್ತು."

ಅವರು ಹೊಡೆಯುತ್ತಾರೇನೋ ಎಂದುಕೊಂಡೆ. ಹೊಡೆದರೆ ಒಳ್ಳೆಯದಿತ್ತು. ಅವರು ತಮ್ಮ ಮಂಡಿಗಳ ಮೇಲೆ ಕೈಯಿಟ್ಟುಕೊಂಡು, ಅಂಚೆ ದಾರಿಯ ಮನೆಗಳನ್ನು ಎಣಿಸುವವರಂತೆ ಹೇಳಿದರು. "ನಲವತ್ತೊಂದು ಮನೆಗೆ ಹೋದೆ. ಎಲ್ರೂ ಒಳಗೆ ಕರೆದ್ರು. ಎಲ್ರೂ ಕಾಫಿ ಕೊಟ್ರು. ಒಬ್ಬ ಮುದುಕ ಅಂತೂ ನಾನು ಹೊರಡೋವಾಗ ಅತ್ತ. ಎಂಥ ಒಳ್ಳೇ ಜನ ಇದಾರೆ ಅಲ್ಲಿ, ಇವ್ರಲ್ಲಿ ಯಾರ ಹತ್ರಾನೋ ಇದ್ಲಲ್ಲ ನನ್ ಮಗು ಅಂತ ಪ್ರತಿ ಸಲ ಅಂದ್ಕೊಳ್ತಿದ್ದೆ."

ಎದ್ದು ಬಾಗಿಲಿಗೆ ಹೋದರು. ಮೆಟ್ಟಿಲ ಕಂಬಿ ಹಿಡಿದು, ನನ್ನ ಕಡೆ ತಿರುಗದೆ ನಿಂತರು.

"ಹಾಗಾದ್ರೆ ಒಬ್ಳೇ ಇದ್ಲು."

"ಹೌದು."

"ಆ ನೀರಲ್ಲಿ. ಕೊನೇವರೆಗೂ."

"ಹೌದು," ಎಂದೆ.

ಅವರು ತಲೆಯಾಡಿಸಿದರು. ಒಂದೊಂದೇ ಮೆಟ್ಟಿಲು ಇಳಿದು ಹೋದರು. ಕೆಳಗೆ ಅಮ್ಮ, "ಏನಂತೆ ಮಾರ್ಲಾ? ಯಾರು ಅಂತ ಗೊತ್ತಾಯ್ತಾ?" ಎಂದು ಕೇಳಿದ್ದು ಕೇಳಿಸಿತು.

"ಗೊತ್ತಾಯ್ತು," ಎಂದರು ಮಾರ್ಲಾ. "ಯಾರೂ ಇಲ್ವಂತೆ."