ನಾನೂರ ಹನ್ನೆರಡನೆಯ ಉತ್ತರ

ಮತ್ತೊಂದು ಸಾಲು ಬಂತು, ನೂರ ಮೂರು, ಅವಳ ಯಂತ್ರದ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ, ಆ ಕಡೆಯ ಯಂತ್ರ ಇದ್ದೀನಿ, ಇದ್ದೀನಿ ಅಂತ ಸೆಕೆಂಡಿಗೊಮ್ಮೆ ಓಗೊಡುತ್ತಿದೆ, ಅದು ಅಣ್ಣನ ಲ್ಯಾಪ್‌ಟಾಪು, ಅದರ ಪರದೆ ಸತ್ತಿದೆ, ಕೀಲಿಗಳು ಸತ್ತಿವೆ, ಅಣ್ಣ ಹೋಗಿ ಇಪ್ಪತ್ತೆರಡು ದಿನ — ಅವಳಿಗೆ ಅಳು ಬಂದಿಲ್ಲ, ಬರಬೇಕಿತ್ತು ಅಂತ ಎಲ್ಲರ ಮುಖದಲ್ಲೂ ಇತ್ತು, ಅವಳು ಮಾತ್ರ ಅವತ್ತು ಮಣ್ಣಿಗೆ ಬಂದವರು ಬಾಗಿಲ ಬಳಿ ಬಿಟ್ಟ ಚಪ್ಪಲಿಗಳಲ್ಲಿ ಜೋಡಿ ತಪ್ಪಿದ್ದು ಯಾವುದೆಂದು ನೋಡುತ್ತ ಕೂತಿದ್ದಳು. ಎರಡು ಯಂತ್ರಗಳ ನಡುವೆ ಮೊಳದುದ್ದದ ಯುಎಸ್‌ಬಿ ತಂತಿ, ಎರಡು ತುದಿಯೂ ಒಂದೇ ತರಹ, ತಂತಿಯೊಂದೇ ಸಾಲದು ಕಣೇ ಗುಮ್ಮಿ, ಡ್ರೈವರ್ ಬೇಕು, ಅದಿಲ್ದಿದ್ರೆ ಇದು ಬಟ್ಟೆ ಒಣಗಿಸೋ ಹಗ್ಗ, ಅದು ಯಂತ್ರದ ತಿರುಳು, ಕರ್ನಲ್ ಅಂತಾರಲ್ಲ, ಅದರೊಳಗೇ ಕೂತು, ಲೋ, ಆ ಕಡೆ ನಿನ್ನಂಥದೇ ಇನ್ನೊಂದಿದೆ, ಮಾತಾಡೋ ಅಂತ ತಿವಿಯುತ್ತೆ — ಹೀಗೆ ಹೇಳಿಕೊಡುತ್ತಿದ್ದ ಅಣ್ಣ, ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟು ಈ ರಿಪೇರಿ ಅಂಗಡಿಯ ಮೂಲೆ ಹಿಡಿದವಳಿಗೆ, ಯಾರ ಎದುರೂ ತುಟಿ ಬಿಚ್ಚದ ಗುಮ್ಮನಗುಸುಕಿಗೆ. ಆ ಡ್ರೈವರ್ ಬರೆದವನೂ ಅವನೇ, ಬರೆಯುತ್ತ ತನ್ನನ್ನೇ ಬೈದುಕೊಳ್ಳುವುದನ್ನೂ ರೆಕಾರ್ಡ್ ಮಾಡಿಡುವ ಚಟ, ಅಯ್ಯೋ ಕತ್ತೆ, ಎಲ್ಲಿ ಎಡವಿದೆಯೋ, ಆ ದನಿಯೆಲ್ಲ ಆ ಯಂತ್ರದೊಳಗಿದೆ, ಬೇರೆಲ್ಲೂ ಇಲ್ಲ. ಇನ್ನೂರ ಹತ್ತು. ಪಕ್ಕದ ಸ್ಟೂಲಿನಲ್ಲಿ ಅತ್ತಿಗೆ, ಸೆರಗಿನ ಅಂಚನ್ನು ಸುತ್ತಿ ಬಿಚ್ಚಿ ಸುತ್ತಿ, ಏನೋ ಬರ್ತಾ ಇದೆಯಲ್ಲೇ, ಅದೇನಾ ನಿಮ್ಮಣ್ಣನ ದನಿ, ಇವಳು ಹೂಂ ಅಂದುಬಿಟ್ಟಳು, ಯಾಕೆ ಅಂದಳೋ, ನಕಲು ಮಾಡು ಅನ್ನುವ ಆಜ್ಞೆಯನ್ನು ಇನ್ನೂ ಕೊಟ್ಟೇ ಇಲ್ಲ, ಬರುತ್ತಿರುವುದು ಬರೀ ಓಗೊಟ್ಟ ಸಾಲು, ಮೊದಲು ಕೂಗಿ ನೋಡು, ಓ ಅಂದ್ರೆ ಆಮೇಲೆ ಕೆಲಸ, ಅಣ್ಣ ಕಲಿಸಿದ್ದು ಹಾಗೆ, ಕೂಗಿದಳು, ಓ ಅಂತು, ನಾಲ್ಕು ಸಲ ಸಾಕಿತ್ತು, ನಿಲ್ಲಿಸಲು ಬೆರಳು ಏಳಲಿಲ್ಲ. ಅವನ ದನಿ ಇರೋ ಡಿಸ್ಕು ಬೋರ್ಡಿಗೇ ಬೆಸೆದಿದೆ, ಬಿಚ್ಚೋಕಾಗಲ್ಲ, ಫ್ಯಾನು ತಿರುಗಲ್ಲ, ಏಳು ನಿಮಿಷ ಸಿಕ್ಕಿದ್ರೆ ಪುಣ್ಯ, ಆಮೇಲೆ ಬೋರ್ಡೇ ಸುಟ್ಟೋಗುತ್ತೆ, ಇದೇ ಕೊನೇ ಸಲ ತಾಯಿ, ಬೇಗ ಬೇಗ ಎಳ್ಕೋ, ಅಂದಿದ್ದರು ಅಂಗಡಿ ಮಾಲೀಕರು ಬೆಳಿಗ್ಗೆ, ಅವಳು ತಲೆಯಾಡಿಸಿದ್ದಳು, ಅರ್ಥವಾಗಿತ್ತು, ಈಗಲೂ ಅರ್ಥವಾಗುತ್ತಿದೆ — ಮುನ್ನೂರ ನಲವತ್ತು, ಅಂಗೈ ಇಟ್ಟರೆ ಸುಡುತ್ತದೆ, ಸುಡುವುದು ಗೊತ್ತಾಗುತ್ತದೆ, ನೋವು ಮಾತ್ರ ಬೇರೆ ಯಾರದೋ ಕೈಯದು, ಈಗ ಕೊಡಬೇಕು ಆಜ್ಞೆ, ಇನ್ನೊಂದು ಸಾಲು ಬರಲಿ, ಇನ್ನೊಂದೇ, ಇದ್ದೀನಿ, ಇದ್ದೀನಿ, ಇಪ್ಪತ್ತೆರಡು ದಿನದಲ್ಲಿ ಅವಳು ಕೂಗಿದ್ದಕ್ಕೆ ಓ ಅಂದದ್ದು ಇದೊಂದೇ, ನಾನೂರ ಹತ್ತು, ನಾನೂರ ಹನ್ನೊಂದು, ನಾನೂರ ಹನ್ನೆರಡು, ಸಣ್ಣಗೆ ಸುಟ್ಟ ವಾಸನೆ, ಕಾಯುತ್ತಾಳೆ, ಒಂದು ಸೆಕೆಂಡು, ಇನ್ನೊಂದು, ನಿಂತಿತಲ್ಲೇ, ಎಲ್ಲ ಬಂತು ತಾನೇ, ಅತ್ತಿಗೆಯ ಮುಖದಲ್ಲಿ ನಗು, ಇಷ್ಟು ದಿನಕ್ಕೆ ಮೊದಲ ಸಲ, ಕತ್ತೆ ಅಂತ ಬೈಕೊಳ್ತಿದ್ರಲ್ಲ, ಅದನ್ನೇ ಮೊದಲು ಹಾಕೇ, ಜೋರಾಗಿಡು, ಅವಳು ತಿರುಗುವುದಿಲ್ಲ, ಬಿಳಿ ಅಕ್ಷರ, ನಾನೂರ ಹನ್ನೆರಡು, ಅದರ ಕೆಳಗೆ ಕಪ್ಪು, ನಾನೂರ ಹನ್ನೆರಡು, ಅದರ ಕೆಳಗೆ ಕಪ್ಪು, ನಾನೂರ ಹನ್ನೆರಡು