ಬಡಿಸಿದ ಹುಳ

ಆ ಜೇಡವನ್ನು ಚಪ್ಪಲಿಯಿಂದ ಹೊಡೆದು ಸಾಯಿಸುತ್ತೇನೆಂದು ಮನೋಳಿಯ ಸೋಮವ್ವ ಒಂದು ವರ್ಷದಿಂದ ಹೇಳುತ್ತಲೇ ಬಂದಿದ್ದಳು. ಅದೂ ಓಣಿಗೆಲ್ಲ ಕೇಳುವ ಹಾಗೆ. ಹೀಗಾಗಿ ಈಗ ಅದು ತನ್ನಷ್ಟಕ್ಕೆ ತಾನೇ ಸತ್ತರೂ ಯಾರೂ ಅವಳ ಮಾತು ನಂಬುವಂತಿರಲಿಲ್ಲ. ಮಗಳಂತೂ ಖಂಡಿತ ನಂಬುತ್ತಿರಲಿಲ್ಲ.

ಜೇಡ ಮಗಳು ಶೈಲಜಾಳದು. ಬೆಳಗಾವಿಯ ಗೆಳತಿಯೊಬ್ಬಳು ಕೊಟ್ಟದ್ದು. ಟರಾಂಟುಲಾ ಅಂತೆ, ಬೆಳೆದರೆ ಅಂಗೈಯಷ್ಟಾಗುತ್ತದಂತೆ. ವರ್ಷವಿಡೀ ತಿಂದರೂ ಅದು ಹುಣಸೆಬೀಜವನ್ನು ದಾಟಿರಲಿಲ್ಲ. ಒಂದು ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ ಹಿಡಿ ಮಣ್ಣು, ನೀರಿಗೊಂದು ಬಾಟಲಿಯ ಮುಚ್ಚಳ, ಇಷ್ಟೇ ಅದರ ಸಂಸಾರ. ಶೈಲಜಾ ಅದರ ಮುಂದೆ ಕುಳಿತಳೆಂದರೆ ಊಟದ ಖಬರೂ ಇರುತ್ತಿರಲಿಲ್ಲ. ಸೋಮವ್ವನ ಸಿಟ್ಟಿನ ಮೂಲ ಅದು.

ಪರೀಕ್ಷೆಗೆಂದು ಮೂರು ದಿನ ಧಾರವಾಡಕ್ಕೆ ಹೊರಟಾಗ ಶೈಲಜಾ ಬೇರೆ ದಾರಿ ಕಾಣದೆ ಡಬ್ಬಿಯನ್ನು ತಾಯಿಯ ಕೈಗಿಟ್ಟಳು. ಜೊತೆಗೆ ಮರಿ ಚಿಮ್ಮಂಡೆ ಹುಳಗಳು ಜಿಗಿದಾಡುತ್ತಿದ್ದ ಇನ್ನೊಂದು ಡಬ್ಬಿಯನ್ನೂ ಕೊಟ್ಟಳು. ಜೇಡದ ಊಟ ಅದು.

"ಅವ್ವಾ, ಸಂಜಿಕ ಒಂದ ಹುಳಾ ಬಿಡು. ಮುಂಜಾನಿ ತನಕ ತಿನ್ನಲಿಲ್ಲ ಅಂದ್ರ ತಗದಬಿಡು. ಇಷ್ಟ ಮಾಡಿದ್ರ ಸಾಕು."

ಯಾಕೆ ತೆಗೆಯಬೇಕೆಂದು ಕೇಳುವಷ್ಟರಲ್ಲಿ ಬಸ್ಸು ಬಂತು. ಕಿಟಕಿಯಿಂದ ಮಗಳು ನೋಡಿದ್ದು ತಾಯಿಯನ್ನಲ್ಲ, ಡಬ್ಬಿಯನ್ನು. ಆ ಕಣ್ಣಿನಲ್ಲಿದ್ದ ಅನುಮಾನ ಸೋಮವ್ವನಿಗೆ ಮುಳ್ಳಿನಂತೆ ನೆಟ್ಟಿತು. ಬಂದ ಮೇಲೆ ಇವಳ ಕೈಗೆ ಇದನ್ನು ಇದ್ದ ಹಾಗೆ ಕೊಡಬೇಕು, ಬಾಯಿ ಮುಚ್ಚಿಸಬೇಕು ಎಂದು ಹಟ ತೊಟ್ಟಳು.

ಅಂದು ಸಂಜೆ ಒಂದು ಹುಳ ಬಿಟ್ಟಳು. ಮುಂಜಾನೆ ನೋಡಿದರೆ ಹುಳ ಇದ್ದಲ್ಲೇ ಇತ್ತು, ಜೇಡ ಮೂಲೆ ಹಿಡಿದು ಕುಳಿತಿತ್ತು. ತೆಗೆಯೋಣವೆಂದರೆ ಸೋಮವ್ವನಿಗೆ ಕೈ ಏಳಲಿಲ್ಲ. ಬಡಿಸಿದ್ದನ್ನು ಉಣ್ಣುವವರ ಮುಂದಿನಿಂದ ಎತ್ತಿಕೊಳ್ಳುವುದೆಂದರೇನು! ಬೀಗರು ಸಾಕು ಸಾಕೆಂದು ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ತುಪ್ಪ ಸುರಿದ ಕೈ ಅವಳದು. ಪಾಪ, ಮಧ್ಯಾಹ್ನಕ್ಕಾದರೂ ತಿಂದೀತು ಎಂದು ಬಿಟ್ಟಳು. ಸಂಜೆಯಾದರೂ ತಿನ್ನಲಿಲ್ಲ. ಆ ಹುಳ ರುಚಿಸಲಿಲ್ಲವೇನೋ ಎಂದು ಇನ್ನೊಂದನ್ನು ಬಿಟ್ಟಳು.

ಮೂರನೆಯ ದಿನ ಮುಂಜಾನೆ ಜೇಡ ಕಾಲು ಮೇಲೆ ಮಾಡಿ ಅಂಗಾತ ಬಿದ್ದಿತ್ತು.

ಸತ್ತೇ ಹೋಯಿತೆಂದುಕೊಂಡಳು ಸೋಮವ್ವ. ಮಗಳಿಗೆ ಫೋನ್ ಹಚ್ಚಿದಳು, ಅದು ಬಂದ್ ಆಗಿತ್ತು. ಪರೀಕ್ಷೆಗೆ ಕುಳಿತಿರಬೇಕು. ಬೇಕಂತಲೇ ಕೊಂದಳೆನ್ನುತ್ತಾಳೆ, ಇನ್ನು ಜನ್ಮದಲ್ಲಿ ತನ್ನನ್ನು ನಂಬುವುದಿಲ್ಲ ಎನ್ನಿಸಿ ಅಳು ಬಂತು. ಒಂದು ಜೇಡಕ್ಕೆ ಅಳುತ್ತಿದ್ದೇನಲ್ಲ ಎಂದು ನಾಚಿಕೆಯೂ ಆಯಿತು. ಬೆರಳಿನಿಂದ ಅದನ್ನು ಹೊರಳಿಸಿ ನೋಡಬೇಕೆನ್ನುವಾಗ ಮಜ್ಜಿಗೆಗೆಂದು ತಂಬಿಗೆ ಹಿಡಿದು ಬಂದ ಪಕ್ಕದ ಮನೆಯ ಮುದಕಪ್ಪ ಕಾಕಾ ಇಣುಕಿದ. ಹರೆಯವನ್ನೆಲ್ಲ ಮಲಪ್ರಭೆಯಲ್ಲಿ ಏಡಿ ಹಿಡಿಯುತ್ತ ಕಳೆದ ಮುದುಕ.

"ಮುಟ್ಟಬ್ಯಾಡ ಸೋಮವ್ವ, ಸತ್ತಿಲ್ಲ ಅದು. ಕಾಲ ಅಲುಗ್ಯಾಡ್ತಾವ ನೋಡು. ನಮ್ಮ ಹೊಳ್ಯಾನ ಏಡಿ ಚಿಪ್ಪ ಬಿಡೂದಿಲ್ಲೇನು, ಇದೂ ಹಂಗ ಹಳೀ ತೊಗಲ ಬಿಡಾಕತ್ತೈತಿ. ಈಗ ಇದು ಬೆಣ್ಣಿ ಇದ್ದಂಗ. ಯಾವ ಹುಳಾ ಬಂದ್ರೂ ತಿಂದ ಹೋಗತೈತಿ."

ಅವನು ಹೇಳಿ ಮುಗಿಸುವಷ್ಟರಲ್ಲಿ ಒಂದು ಚಿಮ್ಮಂಡೆ ಜೇಡದ ಕಾಲಿನ ಹತ್ತಿರ ಬಂದು, ಮೀಸೆ ಆಡಿಸಿ, ತುದಿಗೆ ಬಾಯಿ ಹಾಕಿತು. ಮಗಳು ತೆಗೆ ಎಂದದ್ದು ಯಾಕೆಂದು ಸೋಮವ್ವನಿಗೆ ಆಗ ತಿಳಿಯಿತು. ತಾನು ಬಡಿಸಿದ ಊಟವೇ ಉಣ್ಣಬೇಕಾದ ಜೇಡವನ್ನು ತಿನ್ನಲು ಹೊರಟಿತ್ತು.

ಡಬ್ಬಿ ಅಲುಗಿಸಿದರೆ ಮೆತ್ತನೆಯ ಮೈ ಹರಿದೀತು. ಕೈ ಹಾಕಿ ಹುಳ ಹಿಡಿಯಹೋದರೆ ಅದು ಜೇಡದ ಮೇಲೆಯೇ ಜಿಗಿದೀತು. ಸೋಮವ್ವ ಹುಳದ ಬಾಯಿಯನ್ನೇ ನೋಡಿದಳು. ಹಸಿದವರ ಬಾಯಿ ಅವಳಿಗೆ ಗೊತ್ತಾಗದೆ ಇರುತ್ತದೆಯೇ?

"ಮೊನ್ನಿ ಸಂಜಿಯಿಂದ ಇವಕ್ಕ ನಾ ಏನೂ ಹಾಕಿಲ್ಲ ಕಾಕಾ," ಎಂದು ಅಡಿಗೆಮನೆಗೆ ಓಡಿದಳು.

ಸೌತೆಕಾಯಿಯ ತೆಳು ಹೋಳೊಂದನ್ನು ಕಸಬರಿಗೆಯ ಕಡ್ಡಿಗೆ ಚುಚ್ಚಿ, ಕೂಸಿಗೆ ಕಾಡಿಗೆ ಹಚ್ಚುವಷ್ಟು ಹಗುರಾಗಿ ಹುಳದ ಮೂತಿಯ ಮುಂದೆ ಇಳಿಸಿದಳು. ಹುಳ ಕಾಲು ಬಿಟ್ಟು ತಿರುಗಿತು, ಹೋಳು ಹತ್ತಿತು, ಗಬಗಬನೆ ತಿನ್ನತೊಡಗಿತು. ಅದನ್ನು ಎತ್ತಿ ಆಚೆ ಡಬ್ಬಿಗೆ ಹಾಕಿದಳು. ಮೂಲೆಯಲ್ಲಿದ್ದ ಎರಡನೆಯದು ಬಿಗುಮಾನ ಮಾಡಿತು, ಕೊನೆಗೆ ಅದೂ ಬಂತು.

ಆಮೇಲೆ ಇಬ್ಬರೂ ಅಲ್ಲೇ ಕುಳಿತರು. ರೊಟ್ಟಿ ಬಡಿಯುವುದು ಹಾಗೇ ಉಳಿಯಿತು. ಬಿಗಿ ಕುಪ್ಪಸದ ತೋಳಿನಿಂದ ಕೈ ಎಳೆದುಕೊಳ್ಳುವ ಹಾಗೆ ಜೇಡ ಒಂದೊಂದೇ ಕಾಲನ್ನು ಹಳೆಯ ಚರ್ಮದಿಂದ ಬಿಡಿಸಿಕೊಂಡಿತು. ಸೋಮವ್ವ ಬೆರಳು ಮಡಚುತ್ತ ಎಣಿಸಿದಳು, ಎಂಟು. ಒಂದರ ತುದಿ ಕೊಂಚ ಸೊಟ್ಟಗಿತ್ತು. ಹೋದ ಜೀವ ಬಂದಂತಾಗಿ ಅವಳಿಗೆ ನಗು ತಡೆಯಲಾಗಲಿಲ್ಲ. ಕಾಕಾ ಖಾಲಿ ತಂಬಿಗೆಯೊಂದಿಗೆ ಮನೆಗೆ ಹೊರಟವನು ಅರ್ಧ ದಾರಿಯಿಂದ ಮಜ್ಜಿಗೆಗೆ ತಿರುಗಿ ಬಂದ.

ಸಂಜೆ ಶೈಲಜಾ ಬಂದವಳು ಚೀಲ ಇಳಿಸದೆ ಡಬ್ಬಿಯ ಮುಂದೆ ಕುಳಿತಳು. ಸೋಮವ್ವ ಏನನ್ನೂ ಮುಚ್ಚಿಡಲಿಲ್ಲ.

"ನೀ ಹೇಳಿದಂಗ ನಾ ಹುಳಾ ತಗೀಲಿಲ್ಲ. ಬಡಿಸಿದ್ದನ್ನ ಹೆಂಗ ತಗೀಲಿ ಅಂತ ಬಿಟ್ಟೆ. ನಿನ್ನ ಕೂಸು ಇವತ್ತ ಹೋಗತಿತ್ತು ಶೈಲಾ."

ಶೈಲಜಾ ಕಾಲುಗಳನ್ನು ಎರಡು ಸಲ ಎಣಿಸಿದಳು. ಆಚೆ ಡಬ್ಬಿಯ ಸೌತೆಕಾಯಿಯನ್ನೂ ಕಸಬರಿಗೆಯ ಕಡ್ಡಿಯನ್ನೂ ನೋಡಿದಳು.

"ಸತ್ತಿತ್ತಂದ್ರ ನೀನ ಕೊಂದಿ ಅಂತಿದ್ದೆ," ಎಂದಳು ಮೆಲ್ಲಗೆ.

"ಗೊತ್ತೈತಿ."

ಊಟಕ್ಕೆ ಕುಳಿತಾಗ ಶೈಲಜಾ ಎರಡು ರೊಟ್ಟಿಗೆ ಸಾಕೆಂದಳು. ಮೂರನೆಯದನ್ನು ಹಿಡಿದು ರೂಢಿಯಂತೆ ಮುಂದೆ ಹೋದ ಸೋಮವ್ವನ ಕೈ ನಡುವೆ ನಿಂತಿತು, ರೊಟ್ಟಿ ಬುಟ್ಟಿಗೆ ವಾಪಸು ಹೋಯಿತು. ಇಷ್ಟು ವರ್ಷದಲ್ಲಿ ಹೀಗಾದದ್ದು ಇದೇ ಮೊದಲು. ಶೈಲಜಾ ತಲೆಯೆತ್ತಿ ತಾಯಿಯನ್ನು ನೋಡಿದಳು. ಆಮೇಲೆ ತಾನೇ ಕೈ ಚಾಚಿ, ಅದೇ ರೊಟ್ಟಿಯಲ್ಲಿ ಅರ್ಧ ಮುರಿದುಕೊಂಡಳು.