ಕೈಯ ಕಾವು

ಹಿಪ್ಪುನೇರಳೆ ಸೊಪ್ಪಿನ ಹೊರೆಯನ್ನು ರೇಷ್ಮೆ ಹುಳುಮನೆಯ ಹೊಸಿಲ ಹೊರಗೇ ಇಳಿಸಿ, ಶ್ಯಾಮಲಾ ಎರಡು ಹೆಜ್ಜೆ ಹಿಂದೆ ಸರಿದು ನಿಂತಳು.

“ಅಪ್ಪಾ, ಇಲ್ಲೀವರೆಗೂ ತಂದಿದ್ದೀನಿ. ಒಳಗೆ ಮಾತ್ರ ನಾನು ಬರಲ್ಲ.”

ಅಶ್ವತ್ಥಪ್ಪ ಬಾಗಿಲ ಬಳಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಿದ್ದ. ಹೋದ ವಾರ ಬದುವಿನ ಮೇಲೆ ಜಾರಿಬಿದ್ದು ಬಲಗೈ ಮುರಿದುಕೊಂಡು, ಮೊಣಕೈವರೆಗೂ ಪುತ್ತೂರು ಕಟ್ಟು ಹಾಕಿಸಿಕೊಂಡಿದ್ದ. ಅದು ಸಾಲದೆಂಬಂತೆ ನಿನ್ನೆ ಸೊಸೆ ಸುನಂದಳಿಗೆ ಹೊಟ್ಟೆನೋವು ಬಂದು ಕೋಲಾರದ ಆಸ್ಪತ್ರೆಯಲ್ಲಿ ಆಪರೇಷನ್ ಆಗಿತ್ತು. ಮಗ ಚಂದ್ರು ಅಲ್ಲೇ ಉಳಿದಿದ್ದ. ಅವನ ಫೋನು ಬಂದದ್ದೇ ತಡ, ಶ್ಯಾಮಲಾ ಲಕ್ಕೂರಿನಿಂದ ಮೊದಲ ಬಸ್ಸಿಗೇ ಕ್ಯಾಲನೂರಿಗೆ ಬಂದಿಳಿದಿದ್ದಳು. ಅಡಿಗೆ ಮಾಡಿದಳು, ತೋಟಕ್ಕೆ ಹೋಗಿ ಸೊಪ್ಪು ಕೊಯ್ದಳು, ಹೊರೆ ಹೊತ್ತಳು. ನಲವತ್ತನಾಲ್ಕರ ಹೆಂಗಸು ಎಲ್ಲದಕ್ಕೂ ಸೈ. ಹೊಸಿಲು ದಾಟುವುದೊಂದು ಬಿಟ್ಟು.

“ಕದಿರೇಶನ್ನ ಕರೀಲಾ?” ಎಂದಳು. ಕದಿರೇಶ ಪಕ್ಕದ ತೋಟದವನು.

“ಅವ್ನು ಟೊಮೇಟೊ ತಗಂಡು ಮಂಡಿಗೆ ಹೋದ. ಬರೋದು ಮಧ್ಯಾಹ್ನ ಆಗ್ತದೆ.”

ಒಳಗೆ ಹುಳುಗಳು ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದಿದ್ದವು. ಕೊನೆಯ ಸಲ ಪೊರೆ ಬಿಟ್ಟ ಮೇಲೆ ಅವುಗಳ ಹಸಿವು ಹೇಳತೀರದು. ರಾತ್ರಿಯಿಂದ ಎಲೆ ಕಾಣದೆ ರ್ಯಾಕುಗಳ ತುಂಬ ತಲೆ ಎತ್ತಿ ಅಲ್ಲಾಡಿಸುತ್ತಿದ್ದವು. ಮಧ್ಯಾಹ್ನದವರೆಗೆ ಬಿಟ್ಟರೆ ಬೆಳೆ ಕೈತಪ್ಪಿದ ಹಾಗೆಯೇ.

“ನೀನೇ ಹಾಕಮ್ಮಾ. ಏನೂ ಆಗಲ್ಲ.”

“ಬೇಡಪ್ಪಾ, ನನ್ ಕೈ ವಿಷಯ ನಿಂಗೆ ಗೊತ್ತಲ್ಲ. ಸುನಂದ ಆಸ್ಪತ್ರೆಯಿಂದ ಬಂದು ಕೇಳಿದ್ರೆ ಯಾವ ಮುಖ ತೋರಿಸ್ಲಿ?”

ಗೊತ್ತಿತ್ತು. ಅವಳಿಗಿಂತ ಚೆನ್ನಾಗಿ ಗೊತ್ತಿತ್ತು. ಒಂಬತ್ತು ವರ್ಷದವಳಿದ್ದಾಗ ಒಂದು ಸಂಜೆ ಯಾರೂ ಇಲ್ಲದ ಹೊತ್ತಿನಲ್ಲಿ ಹುಳುಮನೆಗೆ ನುಗ್ಗಿ, ಬಾಗಿಲಲ್ಲೇ ನಿಂತು ಒಂದು ಹಿಡಿ ಸೊಪ್ಪು ಎಸೆದು ಓಡಿಬಂದಿದ್ದಳು. ಬೆಳಗಾಗುವುದರೊಳಗೆ ಹುಳುಗಳೆಲ್ಲ ಹಸಿರು ಕಕ್ಕಿ ಸತ್ತಿದ್ದವು. ಅವಳು ಒಳಗೆ ಹೋಗಿದ್ದು ತಿಳಿದ ಅಶ್ವತ್ಥಪ್ಪನ ಅಪ್ಪ, ಮೊಮ್ಮಗಳ ಅಂಗೈ ಹಿಡಿದು ನೋಡಿ, “ಈ ಪಿಲ್ಲ ಚೇಯಿ ವೇಡಿರಾ” ಎಂದುಬಿಟ್ಟ. ಹುಡುಗಿಯ ಕೈ ಕಾವು, ಮುಟ್ಟಿದ್ದು ಉಳಿಯಲ್ಲ ಅಂತ. ಆ ಮನೆಯಲ್ಲಿ ತೀರ್ಪುಗಳು ತೆಲುಗಿನಲ್ಲೇ ಬೀಳುತ್ತಿದ್ದವು.

ಆದರೆ ಹುಳು ಸಾಯುವ ಹಿಂದಿನ ದಿನ ಸೊಪ್ಪು ಸಾಲದೆ, ಪಕ್ಕದವರ ಬದನೆ ತೋಟಕ್ಕೆ ತಾಗಿದ ಸಾಲನ್ನೂ ಕೊಯ್ದು ಹಾಕಿದವನು ಅಶ್ವತ್ಥಪ್ಪನೇ. ಬದನೆಗೆ ಔಷಧಿ ಹೊಡೆದಿದ್ದನ್ನು ಕಣ್ಣಾರೆ ಕಂಡಿದ್ದ. ಏನಾಗುತ್ತೆ ಬಿಡು ಅಂದುಕೊಂಡಿದ್ದ. ಅವನಪ್ಪನೋ ಒಂದು ತಪ್ಪನ್ನು ವರ್ಷಗಟ್ಟಲೆ ಆಡಿ ತೋರಿಸುವ ಮನುಷ್ಯ. ಅವನ ಎದುರು ಅಶ್ವತ್ಥಪ್ಪನಿಗೆ ಬಾಯಿ ಬರಲಿಲ್ಲ.

ಆಮೇಲೆ ಆ ಮಾತು ತಾನೇ ಕಾಲು ಮೂಡಿಸಿಕೊಂಡು ಊರೆಲ್ಲ ಓಡಾಡಿತು. ಉಪ್ಪಿನಕಾಯಿಗೆ ಬೂಷ್ಟು ಬಂದರೆ ಶ್ಯಾಮಲಾ ಮುಟ್ಟಿದ್ದಳಾ ಎನ್ನುವರು. ಬೂಷ್ಟು ಬಾರದ ವರ್ಷ ಯಾರೂ ಏನೂ ಕೇಳುತ್ತಿರಲಿಲ್ಲ. ಬರಬರುತ್ತಾ ಅವಳೇ ರಾಗಿ ಬಿತ್ತುವಾಗ ದೂರ ಸರಿದಳು, ತಮ್ಮನ ಮದುವೆಯಲ್ಲಿ ಅರಿಶಿನ ಹಚ್ಚಲು ಕರೆದರೆ ತಟ್ಟೆ ಹಿಡಿದು ನಿಂತಳು. ಲಕ್ಕೂರಿಗೆ ಸೊಸೆಯಾಗಿ ಹೋದಾಗ ಯಾರೂ ಕೇಳುವ ಮೊದಲೇ ತನ್ನ ಕೈ ಕಾವೆಂದು ನಗುತ್ತಾ ಹೇಳಿಕೊಂಡಳು.

“ಶ್ಯಾಮಲಾ,” ಎಂದ ಅಶ್ವತ್ಥಪ್ಪ. ಎಡಗೈಯಿಂದ ಕಟ್ಟಿನ ಬಟ್ಟೆಯ ಎಳೆ ಕೀಳುತ್ತಾ, “ಆವತ್ತು ಹುಳ ಸತ್ತಿದ್ದು ನಿನ್ನಿಂದಲ್ಲ ಕಣಮ್ಮಾ. ಔಷಧಿ ಬಿದ್ದಿದ್ದ ಸೊಪ್ಪು ಹಾಕ್ಬಿಟ್ಟಿದ್ದೆ. ನಾನೇ.”

ಅವಳು ನಕ್ಕಳು. “ಸೊಪ್ಪು ಹಾಕಿಸೋಕೆ ಏನೇನ್ ಕಥೆ ಕಟ್ತೀಯಪ್ಪಾ.”

“ಬದನೆ ತೋಟದ ಪಕ್ಕದ ಸಾಲು. ನಿನ್ ತಾತನಿಗೆ ಹೆದರ್ಕಂಡು ಸುಮ್ನಾಗ್ಬಿಟ್ಟೆ.”

ಅವನ ಮುಖ ನೋಡಿದ ಮೇಲೆ ಅವಳ ನಗು ನಿಂತಿತು.

“ತಾತ ಸತ್ತು ಇಪ್ಪತ್ತು ವರ್ಷ ಆಯ್ತಲ್ಲಪ್ಪಾ. ಆಮೇಲೆ ಯಾರಿಗೆ ಹೆದರ್ಕಂಡೆ?”

ಅಶ್ವತ್ಥಪ್ಪ ಹೇಳಿದ, “ನೀನೇ ನಕ್ಕೊಂಡು ಹೇಳ್ತಿದ್ದೆ. ಮನಸಿಗೆ ಹಚ್ಕಂಡಿಲ್ಲ ಅಂದ್ಕಂಡೆ.”

“ನನ್ ಮಗಳು ಅರ್ಪಿತ ಹುಟ್ಟಿದಾಗ, ಮೂರು ತಿಂಗಳು ಅದಕ್ಕೆ ನೀರು ಹಾಕ್ಲಿಲ್ಲ ನಾನು. ಎಣ್ಣೆ ಹಚ್ಲಿಲ್ಲ. ಅತ್ತೇನೇ ಹಾಕಿದ್ರು.” ಅವಳ ದನಿ ಏರಲಿಲ್ಲ. “ಹಾಲು ಕುಡಿಸ್ವಾಗ್ಲೂ ಕೈಗೆ ಸೆರಗು ಸುತ್ಕೊಂಡೇ ಎತ್ಕೊಳ್ತಿದ್ದೆ. ಸೋಮಾರಿ ಬಾಣಂತಿ ಅಂತ ಆಡ್ಕೊಂಡ್ರು. ಆಡ್ಕೊಳ್ಳಿ ಅಂತ ಬಿಟ್ಟೆ.”

ಅಶ್ವತ್ಥಪ್ಪ ಕಟ್ಟು ಹಾಕಿದ ಕೈಯನ್ನೇ ಮರೆತು ಹೊರೆಗೆ ಕೈ ಹಾಕಲು ಬಗ್ಗಿದ, ನೋವಿಗೆ ಮುಖ ಕಿವುಚಿದ.

“ನೀನು ಸುಮ್ನೆ ಕೂತ್ಕೋ,” ಎಂದಳು.

ತೊಟ್ಟಿಯ ಬಳಿಗೆ ಹೋಗಿ ಎರಡೆರಡು ಸಲ ಕೈ ತೊಳೆದು ಬಂದಳು. ಹೊರೆ ಎತ್ತಿಕೊಂಡು, ಅಪ್ಪನ ಕಡೆ ತಿರುಗದೆ ಹೊಸಿಲು ದಾಟಿದಳು. ಜಾಲರಿಯ ಕಿಟಕಿಯಿಂದ ಅಶ್ವತ್ಥಪ್ಪ ಅವಳನ್ನು ನೋಡುತ್ತಿದ್ದ. ಮೊದಮೊದಲು ಸೊಪ್ಪಿನ ಕಡ್ಡಿಗಳನ್ನು ತುದಿಬೆರಳಲ್ಲಿ ಹಿಡಿದು ಇಡುತ್ತಿದ್ದಳು. ಎರಡನೇ ರ್ಯಾಕಿಗೆ ಬರುವಷ್ಟರಲ್ಲಿ ತೋಳು ತುಂಬ ಹಿಡಿದು ಹರಡತೊಡಗಿದ್ದಳು.

ಎಲ್ಲ ಮುಗಿದ ಮೇಲೂ ಹೊರಗೆ ಬರಲಿಲ್ಲ. ಅಂಗೈ ಬಿಚ್ಚಿ ಎಲೆಗಳ ಮೇಲಿಟ್ಟು ನಿಂತಳು. ಒಂದು ಹುಳು ಬೆರಳು ಹತ್ತಿ ಅಂಗೈಗೆ ಬಂತು, ಅದರ ಹಿಂದೆ ಇನ್ನೊಂದು.

“ಅಪ್ಪಾ,” ಎಂದಳು ಒಳಗಿನಿಂದಲೇ, “ಎಷ್ಟು ತಣ್ಣಗವೆ ಇವು.”